ಕಬ್ಬಿಣದ ನೇಗಿಲು ಮತ್ತು ತೆರಿಗೆಯ ಲೆಕ್ಕ

ಮಹಾಂತೇಶ ನಗರದಿಂದ ಬೆಳಗಾವಿ ಪೇಟೆಗೆ ಹೋಗಿಬರುವ ವಿದ್ಯಾರ್ಥಿಗಳಿಗೆ ಕಿರ್ಲೋಸ್ಕರ್ ರಸ್ತೆ ಗೊತ್ತೇ ಇದೆ. 1888ರಲ್ಲಿ ಈ ಊರಿನಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿ ವಿಷವಾದೀತೆಂದು ರೈತರು ಅಂಜಿದರು. ನೇಗಿಲಿಗೆ ಗಿರಾಕಿ ಸಿಗಲು ವರ್ಷಗಳೇ ಹಿಡಿದವು.

ಇಂಥ ಪ್ರಯೋಗದ ಹೊರೆಯಲ್ಲಿ ಸರಕಾರವೂ ಪಾಲುಗೊಳ್ಳಬೇಕೆ? 1961ರ ಆದಾಯ ತೆರಿಗೆ ಕಾಯ್ದೆಯ 35ನೇ ಕಲಂ ಇದಕ್ಕೆ ‘ಹೌದು’ ಎಂದಿತು. ವ್ಯವಹಾರಕ್ಕೆ ಸಂಬಂಧಿಸಿದ ವೈಜ್ಞಾನಿಕ ಸಂಶೋಧನೆಯ ಖರ್ಚನ್ನು ಆದಾಯದಿಂದ ಕಳೆಯಬಹುದಾಗಿತ್ತು. ಪ್ರಯೋಗ ಯಶಸ್ವಿಯಾಗಲೇಬೇಕೆಂಬ ಷರತ್ತು ಇರಲಿಲ್ಲ.

1997ರ ಹಣಕಾಸು ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕೆಲವು ಉದ್ಯಮಗಳ ಕಂಪನಿಗಳು ಸ್ವಂತ ಪ್ರಯೋಗಾಲಯಕ್ಕೆ 100 ರೂಪಾಯಿ ಖರ್ಚು ಮಾಡಿದರೆ 125 ರೂಪಾಯಿ ಕಳೆಯಬಹುದಾಯಿತು. 2010ರಲ್ಲಿ ಇದು 200 ರೂಪಾಯಿಗೆ ಏರಿತು. ಇದು ಕಡಿತವಾಗುವುದು ಆದಾಯದಿಂದಲೇ ಹೊರತು ತೆರಿಗೆಯಿಂದಲ್ಲ. ತೆರಿಗೆಯ ದರ ಶೇಕಡಾ 30 ಇದ್ದರೆ ಉಳಿಯುವುದು 60 ರೂಪಾಯಿ.

ಹಾಗಾದರೆ ಯಾರು ಅರ್ಹರು? ದೆಹಲಿಯ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ ಪ್ರಯೋಗಾಲಯಕ್ಕೆ ಮನ್ನಣೆ ನೀಡಬೇಕು. ಲೆಕ್ಕಪತ್ರ ಪ್ರತ್ಯೇಕವಾಗಿರಬೇಕು. ಜಮೀನು, ಕಟ್ಟಡದ ಖರ್ಚು ಸೇರದು. ಮಾರುಕಟ್ಟೆ ಸಮೀಕ್ಷೆ, ದಿನನಿತ್ಯದ ಗುಣಮಟ್ಟ ಪರೀಕ್ಷೆ ಸಂಶೋಧನೆ ಎನಿಸವು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಗಡಸುತನವನ್ನು ದಿನವೂ ಅಳೆಯುವುದು ಬರಿಯ ತಪಾಸಣೆ. ಅದೇ ಎರಕದಲ್ಲಿ ಗಾಳಿಗುಳ್ಳೆ ಏಕೆ ಬರುತ್ತದೆಂದು ಹುಡುಕಿ, ಹೊಸ ಮಿಶ್ರಣಗಳನ್ನು ಪರೀಕ್ಷಿಸಿ, ಸೋಲುಗಳನ್ನೂ ಬರೆದಿಡುವುದು ಸಂಶೋಧನೆ.

ಕಾಯ್ದೆಯ ವ್ಯಾಖ್ಯೆಯಲ್ಲಿ ಕೃಷಿಯೂ ಸೇರಿತ್ತು. ಆದ್ದರಿಂದ ವಿಷಯದ ಮಟ್ಟಿಗೆ ನೇಗಿಲು ಪಾಸಾಗುತ್ತಿತ್ತು. ಆದರೆ ಹೆಚ್ಚುವರಿ ರಿಯಾಯಿತಿ ಕಂಪನಿಗಳಿಗೆ ಮಾತ್ರ. ಅಣ್ಣತಮ್ಮಂದಿರು ನಡೆಸುವ ಅಂಗಡಿಗೆ ಅದು ದಕ್ಕುತ್ತಿರಲಿಲ್ಲ. ಸಣ್ಣ ಕಾರ್ಖಾನೆಗಳ ಊರಾದ ಬೆಳಗಾವಿಯಲ್ಲಿ ಇದು ಸಣ್ಣ ಮಾತಲ್ಲ. ಮನ್ನಣೆಯ ಕಾಗದಪತ್ರ ಹೊಂದಿಸುವುದು ದೊಡ್ಡ ಕಂಪನಿಗೆ ಸುಲಭ, ಹತ್ತು ಜನರ ಫೌಂಡ್ರಿಗೆ ಕಷ್ಟ.

2017–18ರಿಂದ ರಿಯಾಯಿತಿ 150ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ಖರ್ಚು ಮಾಡಿದ ನೂರಕ್ಕೆ ನೂರು ಮಾತ್ರ ಉಳಿಯಿತು. ದರ ಏರಿಳಿದರೂ ಒಂದು ಮಾತು ಬದಲಾಗಲಿಲ್ಲ: ಬರೆದಿಡದ ಪ್ರಯೋಗವನ್ನು ಕಾಯ್ದೆ ಕಾಣಲಾರದು. ನಿಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕ ಬೇಸರ ತಂದಾಗ ಇದನ್ನು ನೆನಪಿಸಿಕೊಳ್ಳಿ.