ಎರಡಾಣೆಯ ಠೇವಣಿ, ಗುಡ್ಡದ ಮೇಲಿನ ವಿದ್ಯಾಲಯ

ಉಡುಪಿ ಎಂದೊಡನೆ ಶ್ರೀಕೃಷ್ಣನ ಸನ್ನಿಧಿ, ಅಷ್ಟಮಠಗಳು, ಪರ್ಯಾಯೋತ್ಸವ ನೆನಪಿಗೆ ಬರುವುದು ಸಹಜ. ಜೀವನೋಪಾಯವನ್ನರಸಿ ಪುಣೆ, ಮುಂಬಯಿಗಳಿಗೆ ಬಂದು ನೆಲಸಿದ ಕರಾವಳಿಯ ಕುಟುಂಬಗಳಿಗೆ ಅದೇ ಊರಿನ ಮತ್ತೊಂದು ಹೆಸರೂ ಅಷ್ಟೇ ಪರಿಚಿತವಾಗಿತ್ತು. ಅದು ಸಿಂಡಿಕೇಟ್ ಬ್ಯಾಂಕ್. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ಆ ಹೆಸರು ಫಲಕಗಳಿಂದ ಮರೆಯಾಯಿತು. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಡಾ. ತೋನ್ಸೆ ಮಾಧವ ಅನಂತ ಪೈ ಅವರನ್ನು ಹಳೆಯ ತಲೆಮಾರು ಬ್ಯಾಂಕಿನ ಮೂಲಕ ಬಲ್ಲುದು. ಇಂದಿನ ಮಕ್ಕಳು ಮಣಿಪಾಲದ ವಿದ್ಯಾಲಯಗಳ ಮೂಲಕವಷ್ಟೇ ಬಲ್ಲರು. ಪೈಗಳ ಪಾಲಿಗೆ ಅವೆರಡೂ ಬೇರೆ ಬೇರೆ ಕಾರ್ಯಗಳಾಗಿರಲಿಲ್ಲ.

1898ರ ಏಪ್ರಿಲ್ 30ರಂದು ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದ ಮಾಧವ ಪೈಗಳು ಮದರಾಸಿನಲ್ಲಿ ವೈದ್ಯಕೀಯ ಪದವಿಯನ್ನು ಪಡೆದು ಊರಿಗೆ ಹಿಂದಿರುಗಿದರು. ಆಗ ಕರಾವಳಿಯ ಕೈಮಗ್ಗದ ಉದ್ಯಮವು ಸಂಕಷ್ಟದಲ್ಲಿತ್ತು. ನೇಕಾರನಿಗೆ ನೂಲು ಕೊಳ್ಳಲು ಹಣವಿಲ್ಲ. ಸಾಲ ಬೇಕೆಂದರೆ ಲೇವಾದೇವಿಯವನ ಬಾಗಿಲೇ ಗತಿ. ರೋಗಿಯ ನಾಡಿ ಹಿಡಿದ ವೈದ್ಯನಿಗೆ ಅನೇಕ ವೇಳೆ ರೋಗಕ್ಕಿಂತ ಮೊದಲು ಕಾಣುತ್ತಿದ್ದುದು ಬಡತನ. ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರಸ್ಥರು. ವಾಮನ ಶ್ರೀನಿವಾಸ ಕುಡ್ವರು ಉದ್ಯಮದ ಅನುಭವವುಳ್ಳವರು. ಈ ಮೂವರೂ ಸೇರಿ 1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆರಂಭದ ಬಂಡವಾಳ 8,000 ರೂಪಾಯಿ.

ಬ್ಯಾಂಕು ಎಂಬುದು ಉಡುಪಿಗೆ ಹೊಸತೇನಲ್ಲ. 1906ರಲ್ಲಿಯೇ ಅಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ ನಿಂತು ಒಂದು ಬ್ಯಾಂಕನ್ನು ಕಟ್ಟಿದ್ದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. ಆದರೆ ದಿನದ ದುಡಿಮೆಯನ್ನು ದಿನವೇ ಉಣ್ಣುವ ಮನುಷ್ಯನು ಬ್ಯಾಂಕಿನ ಮೆಟ್ಟಿಲು ಹತ್ತಿಯಾನೇ? ಅವನು ಬಾರದಿದ್ದರೆ ಬ್ಯಾಂಕೇ ಅವನಲ್ಲಿಗೆ ಹೋಗಬೇಕು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯ ತಿರುಳು ಇದೇ. ಸಂಗ್ರಾಹಕನು ಪ್ರತಿದಿನ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಖಾತೆಗೆ ಜಮೆ ಮಾಡಿಸುತ್ತಿದ್ದನು. ದಿನಕ್ಕೆರಡಾಣೆ ಎಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ಅಂದಿನ ಬಡ ಕುಟುಂಬವೊಂದು ಅಷ್ಟು ಹಣವನ್ನು ಒಟ್ಟಾಗಿ ಕಾಣುವುದೇ ಅಪರೂಪ. ವಸೂಲಿಗಾಗಿ ಸಾಲಗಾರನ ಬಾಗಿಲು ತಟ್ಟುವುದು ಲೇವಾದೇವಿಯವನ ಹಳೆಯ ರೂಢಿ. ಉಳಿತಾಯಕ್ಕಾಗಿ ಬಾಗಿಲು ತಟ್ಟಿದುದೇ ಇಲ್ಲಿಯ ಹೊಸತನ. ಹೋಟೆಲಿನ ಗಲ್ಲಾದ ಬಳಿ ಪಿಗ್ಮಿ ಸಂಗ್ರಾಹಕನಿಗೆಂದು ದಿನವೂ ಹಣವನ್ನು ತೆಗೆದಿಡುವ ಅಭ್ಯಾಸವು ಉಡುಪಿಯ ಹೋಟೆಲಿಗರೊಡನೆ ಘಟ್ಟವನ್ನೂ ಹತ್ತಿತು. ಆದರೆ ಬಿಸಿಲುಮಳೆಯೆನ್ನದೆ ನಡೆದ ಆ ಸಂಗ್ರಾಹಕರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಹೌದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಲು 2001ರವರೆಗೆ ಕಾಯಬೇಕಾಯಿತೆಂಬುದನ್ನು ಈ ಕೀರ್ತಿಯ ಜೊತೆಗೇ ನೆನೆಯುವುದು ನ್ಯಾಯ.

1928ರಲ್ಲಿಯೇ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. 1946ರಲ್ಲಿ ಒಂದೇ ದಿನ 29 ಶಾಖೆಗಳು ಆರಂಭಗೊಂಡವು. 1964ರಲ್ಲಿ ಸಂಸ್ಥೆಗೆ ಸಿಂಡಿಕೇಟ್ ಬ್ಯಾಂಕ್ ಎಂಬ ನಾಮಧೇಯ ಬಂದಿತು.

ಹಣವನ್ನು ಕೂಡಿಸಲು ಕಲಿಸಿದರಾಯಿತೇ? ಕೂಡಿಟ್ಟವನ ಮಗನಿಗೆ ಮುಂದೇನು? 1942ರಲ್ಲಿ ಪೈಗಳು ‘ಅಕಾಡೆಮಿ ಆಫ್ ಜನರಲ್ ಎಜುಕೇಶನ್’ ಸಂಸ್ಥೆಯನ್ನು ಹುಟ್ಟುಹಾಕಿದಾಗ ಅವರ ಮನಸ್ಸಿನಲ್ಲಿದ್ದವರು ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗರು. ಮೊದಲು ಕೈಗೊಂಡುದು ವೃತ್ತಿಶಿಕ್ಷಣವನ್ನು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಪ್ರಾರಂಭವಾಯಿತು. ಕು.ಶಿ. ಹರಿದಾಸ ಭಟ್ಟರಂಥವರ ಪ್ರಾಚಾರ್ಯತ್ವದಲ್ಲಿ ಆ ಕಾಲೇಜು ಪಾಠಪ್ರವಚನಗಳಿಗಷ್ಟೇ ನಿಲ್ಲದೆ ಯಕ್ಷಗಾನ, ಜಾನಪದ, ತುಳು ಸಂಶೋಧನೆಗಳ ನೆಲೆಯೂ ಆಯಿತು. ಅದಮಾರು ಮಠದ ಶ್ರೀ ವಿಬುಧೇಶತೀರ್ಥ ಶ್ರೀಪಾದರು 1960ರಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ಸ್ಥಾಪಿಸಿದರು. ಯತಿಗಳೂ ಗೃಹಸ್ಥರೂ ತಮ್ಮ ತಮ್ಮ ಮಾರ್ಗದಿಂದ ಒಂದೇ ಸಣ್ಣ ಊರಿಗೆ ಉನ್ನತ ವಿದ್ಯೆಯನ್ನು ತಂದ ಕಾಲವದು.

ಎಲ್ಲಕ್ಕಿಂತ ಸಾಹಸದ ಕಾರ್ಯವೆಂದರೆ 1953ರ ಕಸ್ತೂರ್‌ಬಾ ಮೆಡಿಕಲ್ ಕಾಲೇಜು. ದಕ್ಷಿಣ ಕನ್ನಡವು ಅಂದು ಮದರಾಸು ರಾಜ್ಯದ ಒಂದು ಮೂಲೆ. ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಮುರಕಲ್ಲಿನ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಸರಕಾರದ ಖಜಾನೆಯನ್ನು ನೆಚ್ಚದೆ ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ನಡೆಸುವುದೆಂದರೆ ನಂಬುವವರು ಕಡಿಮೆ. ಪ್ರಾರಂಭದ ವರ್ಷಗಳ ಪಾಠ ಮಣಿಪಾಲದಲ್ಲಿ. ರೋಗಿಗಳ ನಡುವಣ ಕಲಿಕೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಸರಕಾರಿ ಆಸ್ಪತ್ರೆಗೂ ಖಾಸಗಿ ಕಾಲೇಜಿಗೂ ನಂಟು ಬೆಸೆದ ಈ ಏರ್ಪಾಡಿನಲ್ಲಿ ಬ್ಯಾಂಕರನ ಜಾಣ್ಮೆ ಎದ್ದು ಕಾಣುತ್ತದೆ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂದಿತು.

ದೇಣಿಗೆ ಪಡೆದು ಸೀಟು ಕೊಡುವ ಪದ್ಧತಿಯು ಉಳ್ಳವರ ಮಕ್ಕಳಿಗಷ್ಟೇ ದಾರಿ ತೆರೆಯಿತೆಂಬ ಟೀಕೆ ಅಂದಿನಿಂದಲೂ ಉಂಟು. ಅದನ್ನು ಸುಳ್ಳೆನ್ನಲಾಗದು, ಎರಡಾಣೆಯ ಠೇವಣಿದಾರನ ಮಗನಿಗೆ ಆ ದಾರಿ ಸುಲಭವಾಗಿರಲಿಲ್ಲ. ಆದರೆ ಅದೇ ಹಣದಿಂದ ಬೆಳೆದ ಆಸ್ಪತ್ರೆಗೆ ಸುತ್ತಣ ಜಿಲ್ಲೆಗಳ ಬಡ ರೋಗಿಗಳೂ ಬಂದರೆಂಬುದು ಅಷ್ಟೇ ಸತ್ಯ. ಖಾಸಗಿ ವಿದ್ಯಾಸಂಸ್ಥೆಗಳ ಹಕ್ಕು, ಶುಲ್ಕ, ಸರಕಾರದ ಹಿಡಿತ ಇವುಗಳ ವ್ಯಾಜ್ಯವು 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಾಧೀಶರ ಪೀಠದ ಮುಂದೆ ತೀರ್ಮಾನವಾದಾಗ ಅದಕ್ಕೆ ಅಂಟಿಕೊಂಡ ಹೆಸರು ‘ಟಿ.ಎಂ.ಎ. ಪೈ ಪ್ರತಿಷ್ಠಾನ’ದ್ದೇ. ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದು ಆ ಹೆಸರನ್ನು ಓದಲೇಬೇಕು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ತಮ್ಮ ಕೈಯಿಂದ ಬೆಳೆದ ಸಂಸ್ಥೆಯು ಎಪ್ಪತ್ತೊಂದರ ವಯಸ್ಸಿನಲ್ಲಿ ಸರಕಾರದ ವಶವಾದುದನ್ನು ಪೈಗಳು ಕಂಡರು. ಉಪೇಂದ್ರ ಪೈಗಳ ಪುತ್ರರಾದ ಟಿ.ಎ. ಪೈ ಬ್ಯಾಂಕಿನಿಂದ ಮುಂದೆ ಸಾಗಿ ಕೇಂದ್ರದ ಮಂತ್ರಿಗಳಾದರು. ಡಾಕ್ಟರರಿಗೆ ವಿದ್ಯಾಸಂಸ್ಥೆಗಳ ಕಾರ್ಯ ಉಳಿದಿತ್ತು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು; 1979ರ ಮೇ 29ರಂದು ಅವರು ದೈವಾಧೀನರಾದರು.

2025ಕ್ಕೆ ಆ ಬ್ಯಾಂಕು ಹುಟ್ಟಿ ನೂರು ವರ್ಷ ತುಂಬಿತು. ಶತಮಾನೋತ್ಸವಕ್ಕೆ ಬ್ಯಾಂಕೇ ಇರಲಿಲ್ಲ. ವಿಲೀನದ ವೇಳೆಗೆ ಅದರ ಶಾಖೆಗಳು ಸುಮಾರು 4,000. ಮಣಿಪಾಲದ ಗುಡ್ಡದ ಮೇಲೆ ತರಗತಿಗಳು ಎಂದಿನಂತೆ ನಡೆಯುತ್ತಿವೆ.