ಸ್ಪರ್ಧಾಕ್ಷೇತ್ರದ ಎಲ್ಲೆಗಳು: ಬೆಳಗಾವಿ ಸೀಮೆಯ ಮಹಾವಿದ್ಯಾಲಯಗಳು, 1933–2023

ಮಹಾವಿದ್ಯಾಲಯವೊಂದರ ಕ್ರೀಡಾ ಇತಿಹಾಸವನ್ನು ಬರೆಯ ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಪಾರಿತೋಷಕಗಳ ಯಾದಿಯನ್ನು. ಪ್ರಾಚಾರ್ಯರ ಕೊಠಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಈ ಪಾರಿತೋಷಕಗಳ ಮೇಲೆ ಇಸವಿಯೂ ಆಟದ ಹೆಸರೂ ಕೆತ್ತಲ್ಪಟ್ಟಿರುತ್ತವೆ. ಎಷ್ಟು ಮಂದಿಯೊಡನೆ, ಯಾವ ಯಾವ ಊರಿನವರೊಡನೆ ಸೆಣಸಿ ಗೆದ್ದದ್ದೆಂಬುದು ಮಾತ್ರ ಕೆತ್ತಲ್ಪಟ್ಟಿರುವುದಿಲ್ಲ. 'ವಿಶ್ವವಿದ್ಯಾಲಯದ ಚಾಂಪಿಯನ್' ಎಂಬ ಬಿರುದು 1940ರಲ್ಲಿಯೂ 1970ರಲ್ಲಿಯೂ 2015ರಲ್ಲಿಯೂ ಒಂದೇ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. ಆದರೆ ಆ ಮೂರೂ ಒಂದೇ ವಸ್ತುವಲ್ಲವೆಂಬುದನ್ನು ಬೆಳಗಾವಿ ಸೀಮೆಯ ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಉದಾಹರಣೆಗೆ ಒಂದೇ ಸಂಸ್ಥೆಯನ್ನು ಹಿಡಿದು ನಡೆಯುವುದು ಅನುಕೂಲ. ಸವದತ್ತಿ ತಾಲೂಕಿನ ಸಿರಸಂಗಿಯ ದೇಸಾಯಿ ಲಿಂಗರಾಜರು (1861–1906) ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಶಿಕ್ಷಣಕ್ಕಾಗಿ ಬಿಟ್ಟುಹೋದ ಸಂಗತಿ ವಾಚಕರಿಗೆ ಹೊಸದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಅಂದಿನಿಂದ ಇಂದಿನವರೆಗೆ ಲಿಂಗರಾಜ ಕಾಲೇಜು ಬೆಳಗಾವಿಯನ್ನು ಬಿಟ್ಟು ಕದಲಿಲ್ಲ. ಆದರೆ ಅದು ಸ್ಪರ್ಧಿಸುವ ಕ್ಷೇತ್ರವು ಅದರ ಕಾಲ ಕೆಳಗೆ ಹಲವು ಬಾರಿ ಸರಿದಿದೆ.

ನಮ್ಮ ದೇಶದಲ್ಲಿ ಒಂದು ಮಹಾವಿದ್ಯಾಲಯದ ಎದುರಾಳಿಗಳು ಯಾರೆಂಬುದನ್ನು ನಿರ್ಣಯಿಸುವುದು ಅದರ ಸಂಯೋಜನೆ. ಯಾವ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆಯೋ ಆ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳೇ ಅದರ ಪಂದ್ಯಗಳು. ಅಲ್ಲಿಂದ ಆಯ್ದ ಆಟಗಾರರು ವಿಶ್ವವಿದ್ಯಾಲಯದ ತಂಡವಾಗಿ ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ಹೋಗುತ್ತಾರೆ. ಪರೀಕ್ಷೆ, ಪಠ್ಯ ಮತ್ತು ಪದವಿಗಳಿಗಾಗಿ ಎಳೆದ ಗೆರೆಯೇ ಹೀಗೆ ಆಟದ ಬಯಲಿನ ಎಲ್ಲೆಯೂ ಆಗುತ್ತದೆ. ಗೆರೆ ಎಳೆಯುವಾಗ ಆಟದ ವಿಚಾರ ಯಾರ ಮನಸ್ಸಿನಲ್ಲಿಯೂ ಇರುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ಪದ್ಧತಿ ಇದಕ್ಕೆ ತೀರ ಭಿನ್ನ. ಅಲ್ಲಿ ವಿದ್ಯಾಸಂಸ್ಥೆಗಳು ತಾವೇ ಕೂಡಿ ಕ್ರೀಡಾ ಒಕ್ಕೂಟಗಳನ್ನು ಕಟ್ಟಿಕೊಳ್ಳುತ್ತವೆ. ಮನಸ್ಸಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಸೇರುತ್ತವೆ. 1896ರಲ್ಲಿ ಏಳು ವಿಶ್ವವಿದ್ಯಾಲಯಗಳಿಂದ ರೂಪುಗೊಂಡು ಮುಂದೆ 'ಬಿಗ್ ಟೆನ್' ಎಂದು ಹೆಸರಾದ ಒಕ್ಕೂಟದಲ್ಲಿ 2024ರ ಹೊತ್ತಿಗೆ ಹದಿನೆಂಟು ಸದಸ್ಯರಾದರು. ಅದೇ ವರ್ಷ ಪಶ್ಚಿಮ ಕರಾವಳಿಯ ಪ್ರಾಚೀನ ಒಕ್ಕೂಟವು ಹನ್ನೆರಡರಿಂದ ಎರಡಕ್ಕೆ ಇಳಿಯಿತು. ಬಲಾಬಲಗಳನ್ನು ನೋಡಿ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸುವ ಕ್ರಮವೂ ಅಲ್ಲಿ 1973ರಿಂದ ಉಂಟು. ಇತ್ತೀಚಿನ ವಲಸೆಗಳ ಹಿಂದೆ ದೂರದರ್ಶನ ಪ್ರಸಾರದ ಹಣವಿರುವುದು ಬಹಿರಂಗ ಸಂಗತಿ. ಇದನ್ನು ಹೊಗಳುವುದಾಗಲಿ ಹಳಿಯುವುದಾಗಲಿ ಇಲ್ಲಿ ಪ್ರಸ್ತುತವಲ್ಲ. ಅಲ್ಲಿ ಕಾಲೇಜು ತನ್ನ ಕ್ಷೇತ್ರವನ್ನು ಆರಿಸಿಕೊಳ್ಳುತ್ತದೆ, ಇಲ್ಲಿ ಕಾಯಿದೆಯು ಅದನ್ನು ಗೊತ್ತುಮಾಡುತ್ತದೆ ಎಂಬಷ್ಟನ್ನು ಗಮನಿಸಿದರೆ ಸಾಕು.

ಲಿಂಗರಾಜ ಕಾಲೇಜು ಹುಟ್ಟಿದಾಗ ಅದು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಆ ಕ್ಷೇತ್ರದ ವಿಸ್ತಾರವನ್ನು ಇಂದು ಊಹಿಸುವುದೂ ಕಷ್ಟ. ಕರಾಚಿಯ ದಯಾರಾಮ ಜೇಠಮಲ ಸಿಂಧ ಕಾಲೇಜು, ಅಹಮದಾಬಾದಿನ ಗುಜರಾತ ಕಾಲೇಜು, ಮುಂಬಯಿಯ ಎಲ್ಫಿನ್‌ಸ್ಟನ್, ಪುಣೆಯ ಫರ್ಗ್ಯುಸನ್, ಸಾಂಗಲಿಯ ವಿಲಿಂಗ್ಡನ್, ಕೊಲ್ಹಾಪುರದ ರಾಜಾರಾಮ, ಧಾರವಾಡದ ಕರ್ನಾಟಕ ಕಾಲೇಜು—ಇವೆಲ್ಲ ಒಂದೇ ಛತ್ರದ ಕೆಳಗಿದ್ದವು. 1935–36ರಲ್ಲಿ ವಿಶ್ವವಿದ್ಯಾಲಯಗಳ ನಡುವೆ ರೋಹಿಂಟನ್ ಬಾರಿಯಾ ಕ್ರಿಕೆಟ್ ಪಂದ್ಯಾವಳಿ ಪ್ರಾರಂಭವಾಯಿತು. ಅದರಲ್ಲಿ ಆಡಬೇಕೆಂಬ ಬೆಳಗಾವಿಯ ತರುಣನು ಸಿಂಧುವಿನಿಂದ ಧಾರವಾಡದವರೆಗಿನ ಎಲ್ಲ ಕಾಲೇಜುಗಳ ಆಟಗಾರರನ್ನು ಹಿಂದೆ ಹಾಕಿ ಮುಂಬಯಿ ವಿಶ್ವವಿದ್ಯಾಲಯದ ಹನ್ನೊಂದು ಮಂದಿಯಲ್ಲಿ ಒಬ್ಬನಾಗಬೇಕಾಗಿತ್ತು. ಮೈದಾನವೂ ತರಬೇತಿಯೂ ಹೇರಳವಾಗಿದ್ದ ಮುಂಬಯಿಯ ವಿದ್ಯಾರ್ಥಿಗೆ ಈ ಸ್ಪರ್ಧೆ ಊರೊಳಗಿನದು; ಬೆಳಗಾವಿಯವನಿಗೆ ಅದು ರೈಲಿನ ಒಂದು ರಾತ್ರಿಯ ಆಚೆಗಿನದು. ಈ ಕಾಲದಲ್ಲಿ ನಮ್ಮ ಕಡೆಯ ಹೆಸರುಗಳು ವಿರಳವಾಗಿದ್ದರೆ ಅದನ್ನು ಪ್ರತಿಭೆಯ ಅಭಾವವೆಂದು ಓದುವುದು ಇತಿಹಾಸಕಾರನಿಗೆ ಒಪ್ಪುವ ಮಾತಲ್ಲ.

ಈ ವಿಶಾಲ ಕ್ಷೇತ್ರವು ಮೂರು ವರ್ಷಗಳೊಳಗೆ ಒಡೆಯಿತು. 1947ರಲ್ಲಿ ಸಿಂಧ, 1949ರಲ್ಲಿ ಪುಣೆ, ಗುಜರಾತ ಮತ್ತು ಕರ್ನಾಟಕ ವಿಶ್ವವಿದ್ಯಾಲಯಗಳು ಬೇರೆ ಬೇರೆಯಾಗಿ ನಿಂತವು. ಲಿಂಗರಾಜ ಕಾಲೇಜು ಧಾರವಾಡದ ಪಾಲಿಗೆ ಬಂದಿತು. ಇಲ್ಲಿ ಒಂದು ಸಂಗತಿ ಲಕ್ಷ್ಯಕ್ಕೆ ಅರ್ಹ. ಬೆಳಗಾವಿಗೆ ನೆರೆಯವಾದ ಕೊಲ್ಹಾಪುರ, ಸಾಂಗಲಿಗಳ ಕಾಲೇಜುಗಳು ಪುಣೆಯ ಕಡೆಗೆ ಹೋದವು. 1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯವಾದಾಗ ಅದಕ್ಕೆ ಸೇರಿದವು. ರಾಜ್ಯಗಳ ಗಡಿ ಬೇರ್ಪಟ್ಟದ್ದು 1956ರಲ್ಲಿ. ಆಟದ ಗಡಿ ಅದಕ್ಕೂ ಮೊದಲೇ ಬೇರ್ಪಟ್ಟಿತ್ತು. ಇಂದು ಕರ್ನಾಟಕದ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದಲ್ಲಿಯೂ ಮಹಾರಾಷ್ಟ್ರದವು ಪಶ್ಚಿಮ ವಲಯದಲ್ಲಿಯೂ ಆಡುವುದರಿಂದ, ವಲಯವಾರು ನಡೆಯುವ ಆಟಗಳಲ್ಲಿ ಈ ನೆರೆಯವರ ಭೇಟಿ ಅಖಿಲ ಭಾರತ ಸುತ್ತಿನಲ್ಲಿ ಮಾತ್ರ ಸಾಧ್ಯ. ಕುಸ್ತಿಯಲ್ಲಿ ಕೊಲ್ಹಾಪುರಕ್ಕೂ ಬೆಳಗಾವಿಗೂ ಇರುವ ಹಳೆಯ ನಂಟನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಧಾರವಾಡದ ಕ್ಷೇತ್ರ ಮೊದಲು ನಾಲ್ಕು ಜಿಲ್ಲೆಗಳದಾಗಿತ್ತು: ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ. ಏಕೀಕರಣದ ತರುವಾಯ ಉಸ್ಮಾನಿಯಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಕಲಬುರಗಿ, ಬೀದರ, ರಾಯಚೂರುಗಳ ಕಾಲೇಜುಗಳೂ ಬಂದು ಕೂಡಿದವು. ಕಾರವಾರದ ಕಡಲಿನಿಂದ ಬೀದರದವರೆಗೆ ಹಬ್ಬಿದ ಈ ಕ್ಷೇತ್ರವೇ ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಫಲವತ್ತಾದದ್ದು. ಮುಂಬಯಿಯ ನೆರಳು ತಪ್ಪಿತು; ಹಾಗೆಂದು ಸ್ಪರ್ಧೆಯೇನೂ ಸಣ್ಣದಾಗಲಿಲ್ಲ. ಕಲೆ, ವಿಜ್ಞಾನ, ವಾಣಿಜ್ಯ, ಕಾಯಿದೆ, ವೈದ್ಯ, ಎಂಜಿನಿಯರಿಂಗ್ ಎಲ್ಲ ಬಗೆಯ ಕಾಲೇಜುಗಳೂ ಒಂದೇ ಪಂದ್ಯದಲ್ಲಿ ಆಡಬಹುದಾಗಿತ್ತು. 'ಯೂನಿವರ್ಸಿಟಿ ಬ್ಲೂ' ಎನಿಸಿಕೊಂಡವನ ಕೋಟಿಗೆ ಊರಿನಲ್ಲಿ ಬೇರೆಯೇ ಒಂದು ಮರ್ಯಾದೆಯಿತ್ತು.

ಬಳಿಕ ನಡೆದುದು ಎರಡು ತೆರನಾದ ವಿಭಜನೆ. ಒಂದು ಪ್ರದೇಶದಿಂದ: 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಇನ್ನೊಂದು ವಿಷಯದಿಂದ. ಈ ಎರಡನೆಯದನ್ನು ಕ್ರೀಡಾ ಇತಿಹಾಸದಲ್ಲಿ ಯಾರೂ ಗಣಿಸುವಂತೆ ಕಾಣುವುದಿಲ್ಲ. ಆದರೆ ಪರಿಣಾಮದಲ್ಲಿ ಅದೇ ದೊಡ್ಡದು. 1947ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ಕಾಲೇಜು 1964ರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಒಂದೇ ಊರಿನ ಕರ್ನಾಟಕ ಕಾಲೇಜು ಅದರ ಎದುರಾಳಿಯಾಗಿ ಉಳಿಯಲಿಲ್ಲ. ನೂರಾರು ಮೈಲು ದೂರದ ಹೆಬ್ಬಾಳದ ಕಾಲೇಜು ಎದುರಾಳಿಯಾಯಿತು. 1996ರಲ್ಲಿ ವೈದ್ಯಕೀಯ ಕಾಲೇಜುಗಳಿಗೆ ರಾಜೀವ ಗಾಂಧಿ ವಿಶ್ವವಿದ್ಯಾಲಯ, 1998ರಲ್ಲಿ ತಾಂತ್ರಿಕ ಕಾಲೇಜುಗಳಿಗೆ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯ, 2003ರಲ್ಲಿ ಉತ್ತರ ಕರ್ನಾಟಕದ ಅನೇಕ ಮಹಿಳಾ ಕಾಲೇಜುಗಳಿಗೆ ವಿಜಾಪುರದ ಮಹಿಳಾ ವಿಶ್ವವಿದ್ಯಾಲಯ, 2009ರಲ್ಲಿ ಕಾನೂನು ಕಾಲೇಜುಗಳಿಗೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಬಂದವು.

ಇದರ ಫಲವನ್ನು ಬೆಳಗಾವಿಯಲ್ಲಿಯೇ ನೋಡಬಹುದು. ಕೆ.ಎಲ್.ಇ. ಸಂಸ್ಥೆಯ ಮೂರು ಕಾಲೇಜುಗಳನ್ನು ತೆಗೆದುಕೊಳ್ಳೋಣ. ಲಿಂಗರಾಜ ಕಾಲೇಜು 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಬಂದಿತು. ಬೆಲ್ಲದ ಕಾನೂನು ಕಾಲೇಜು ಹುಬ್ಬಳ್ಳಿಯ ಕ್ಷೇತ್ರಕ್ಕೆ ಸೇರಿತು. 1963ರ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜು ರಾಜೀವ ಗಾಂಧಿ ವಿಶ್ವವಿದ್ಯಾಲಯವನ್ನು ಹಾದು, 2006ರಲ್ಲಿ ಸಂಸ್ಥೆಯು ತಾನೇ ಪಡೆದ ಪರಿಗಣಿತ ವಿಶ್ವವಿದ್ಯಾಲಯದ ಅಂಗವಾಯಿತು. ಒಂದೇ ಆಡಳಿತ, ಒಂದೇ ಊರು. ಆದರೆ ಈ ಮೂರರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಪಂದ್ಯದಲ್ಲಿ ಮುಖಾಮುಖಿಯಾಗುವ ಹಾಗಿಲ್ಲ. ಮೂವರಿಗೂ ಮೂರು ಚಾಂಪಿಯನ್ ಪಟ್ಟಗಳು.

ಇದರಲ್ಲಿ ಲಾಭವಿಲ್ಲವೆಂದಲ್ಲ. ಹಿಂದೆ ಇಡೀ ಉತ್ತರ ಕರ್ನಾಟಕದಿಂದ ಒಂದು ಕಬಡ್ಡಿ ತಂಡ ಹೊರಡುತ್ತಿದ್ದಲ್ಲಿ ಈಗ ಹಲವು ತಂಡಗಳು ಹೊರಡುತ್ತವೆ. ಹಳ್ಳಿಯ ಹುಡುಗನೂ ಹುಡುಗಿಯೂ ವಿಶ್ವವಿದ್ಯಾಲಯದ ಅಂಗಿ ತೊಡುವ ಅವಕಾಶ ಹೆಚ್ಚಿದೆ. ಇದು ಸಣ್ಣ ಮಾತಲ್ಲ. ಆದರೆ ಪ್ರವೇಶ ಮತ್ತು ನೇಮಕಾತಿಯ ಸಮಿತಿಗಳ ಮುಂದೆ 'ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು' ಎಂಬ ಪ್ರಮಾಣಪತ್ರಗಳು ಬಂದಾಗ ಅವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಕೆಲವೇ ಕಾಲೇಜುಗಳ ನಡುವೆ ಆಯ್ಕೆಯಾದವನ ಪತ್ರಕ್ಕೂ ಹಲವು ಜಿಲ್ಲೆಗಳ ಕಾಲೇಜುಗಳ ನಡುವೆ ಆಯ್ಕೆಯಾದವನ ಪತ್ರಕ್ಕೂ ಅಕ್ಷರಗಳಲ್ಲಿ ಭೇದವಿಲ್ಲ. ಆ ಪತ್ರದ ಮೇಲೆ ಸ್ಪರ್ಧಿಸಿದ ಕಾಲೇಜುಗಳ ಸಂಖ್ಯೆಯನ್ನು ಬರೆಯುವುದಾದರೂ ಆಗಬೇಕೆಂದು ನಾವು ಭಾವಿಸುತ್ತೇವೆ. ಇದಕ್ಕೆ ಹಣ ಬೇಕಾಗಿಲ್ಲ, ಒಂದು ಸಾಲು ಶಾಯಿ ಸಾಕು.

ಗೆರೆಗಳು ಊರಿನ ದಾರಿಗಳನ್ನು ನೋಡಿ ಎಳೆಯಲ್ಪಡುವುದಿಲ್ಲವೆಂಬುದಕ್ಕೆ ಸಿರಸಂಗಿಯ ಸುತ್ತಲಿನ ಸೀಮೆಯೇ ಸಾಕ್ಷಿ. ಕಿತ್ತೂರಿನ ರಾಣಿಯ ಹೆಸರಿನ ವಿಶ್ವವಿದ್ಯಾಲಯ ಜಿಲ್ಲೆಗೆ ಬಂದುದು ಎಲ್ಲರಿಗೂ ಸಂತೋಷದ ವಿಷಯ. ಆದರೆ ಸವದತ್ತಿಗೆ ಬೆಳಗಾವಿಗಿಂತ ಧಾರವಾಡವೇ ಸಮೀಪ. ಅಲ್ಲಿನ ಆಟಗಾರನ ಪಾಲಿಗೆ ವಿಶ್ವವಿದ್ಯಾಲಯವು 2010ರಲ್ಲಿ ಹತ್ತಿರ ಬರಲಿಲ್ಲ, ದೂರ ಸರಿಯಿತು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಪ್ರಾರಂಭವಾಗಿ ಆ ಜಿಲ್ಲೆಯ ಕಾಲೇಜುಗಳು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬೇರೆಯಾದವು. ರಾಮದುರ್ಗಕ್ಕೆ ಅಂಟಿಕೊಂಡಂತಿರುವ ಬಾದಾಮಿ, ಮುಧೋಳಗಳ ಕಾಲೇಜುಗಳು ಹೀಗೆ ಅದರ ಎದುರಾಳಿಗಳ ಯಾದಿಯಿಂದ ಹೋದವು. ಜಿಲ್ಲೆಯ ಇನ್ನೊಂದು ತುದಿಯ ಖಾನಾಪುರ ಉಳಿದುಕೊಂಡಿತು.