ಒಂದು ಔಷಧ ಸಾಲದಾದಾಗ

ರೋಗವಿರುವಲ್ಲಿ ಮದ್ದೂ ಇದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಆದರೆ ರೋಗಿಗಳ ಸಂಖ್ಯೆಯೇ ತೀರಾ ಕಡಿಮೆಯಾದರೆ ಆ ಮದ್ದನ್ನು ಹುಡುಕುವವರು ಯಾರು? ಲ್ಯಾಮ್ ಎಂಬ ಅಪರೂಪದ ಶ್ವಾಸಕೋಶದ ಕಾಯಿಲೆಯ ಇತಿಹಾಸ ನಮ್ಮ ಮುಂದಿಡುವ ಪ್ರಶ್ನೆ ಇದು.

ಈ ಕಾಯಿಲೆ ಹೆಚ್ಚಾಗಿ ಹೆರುವ ವಯಸ್ಸಿನ ಮಹಿಳೆಯರನ್ನು ಕಾಡುತ್ತದೆ. ಸ್ನಾಯುಕೋಶಗಳನ್ನು ಹೋಲುವ ಕೋಶಗಳು ಶ್ವಾಸಕೋಶದಲ್ಲಿ ಬೆಳೆದು ಅದನ್ನು ಪೊಳ್ಳಾಗಿಸುತ್ತವೆ. ಉಸಿರು ದಿನೇ ದಿನೇ ಕುಗ್ಗುತ್ತದೆ. ಇದನ್ನು ಅಸ್ತಮಾ ಎಂದು ತಪ್ಪು ತಿಳಿಯುವುದೂ ಉಂಟು. ಅನೇಕರಿಗೆ ಮೂತ್ರಪಿಂಡದಲ್ಲೂ ಗೆಡ್ಡೆಗಳು ಬೆಳೆಯುತ್ತವೆ.

ಇದರ ಮೂಲ ತಿಳಿದದ್ದು ಇನ್ನೊಂದು ಕಾಯಿಲೆಯಿಂದ. ಮೆದುಳು, ಚರ್ಮ, ಮೂತ್ರಪಿಂಡಗಳಲ್ಲಿ ಗೆಡ್ಡೆ ಬೆಳೆಸುವ ಟ್ಯೂಬರಸ್ ಸ್ಕ್ಲಿರೋಸಿಸ್ ಎಂಬ ವಂಶವಾಹಿ ರೋಗವನ್ನು ಫ್ರಾನ್ಸಿನ ವೈದ್ಯ ಬೂರ್ನವಿಲ್ 1880ರಲ್ಲಿ ವಿವರಿಸಿದ್ದರು. ಅದಕ್ಕೆ ಕಾರಣವಾದ ಎರಡು ವಂಶವಾಹಿಗಳು 1993 ಮತ್ತು 1997ರಲ್ಲಿ ಪತ್ತೆಯಾದವು. ಅವುಗಳಲ್ಲೊಂದು ಲ್ಯಾಮ್ ರೋಗಿಗಳಲ್ಲೂ ಕೆಟ್ಟಿರುವುದನ್ನು 2000ದಲ್ಲಿ ಅಮೆರಿಕದ ಎಲಿಜಬೆತ್ ಹೆನ್ಸ್ಕೆಯವರ ತಂಡ ತೋರಿಸಿತು. ಈ ವಂಶವಾಹಿಗಳು ಕೋಶದ ಬೆಳವಣಿಗೆಗೆ ಬ್ರೇಕ್ ಇದ್ದಂತೆ. ಅದು ಕೆಟ್ಟಾಗ ಎಂಟಾರ್ ಎಂಬ ಪ್ರೋಟೀನ್ ಲಗಾಮಿಲ್ಲದೆ ಓಡುತ್ತದೆ ಎಂಬುದು 2002ರ ಹೊತ್ತಿಗೆ ಸ್ಪಷ್ಟವಾಯಿತು.

ಅದನ್ನು ಹಿಡಿದು ನಿಲ್ಲಿಸುವ ಔಷಧ ಆಗಲೇ ಸಿದ್ಧವಿತ್ತು. 1964ರಲ್ಲಿ ಕೆನಡಾದಿಂದ ಈಸ್ಟರ್ ದ್ವೀಪಕ್ಕೆ ಹೋದ ತಂಡ ತಂದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ರಾಪಾಮೈಸಿನ್ ಅದು. ಅದರ ಹಿಂದಿದ್ದ ವಿಜ್ಞಾನಿ ಸುರೇನ್ ಸೆಹಗಲ್, ಇಂದಿನ ಪಾಕಿಸ್ತಾನದ ಖುಷಾಬ್‌ನಲ್ಲಿ ಹುಟ್ಟಿ ಬನಾರಸ್‌ನಲ್ಲಿ ಓದಿದವರು. ಎಂಬತ್ತರ ದಶಕದಲ್ಲಿ ಕಂಪೆನಿ ಮಾಂಟ್ರಿಯಲ್‌ನ ಪ್ರಯೋಗಾಲಯ ಮುಚ್ಚಿದಾಗ ಅವರು ಆ ಜೀವಾಣುವನ್ನು ತಮ್ಮ ಮನೆಯ ಫ್ರೀಜರಿನಲ್ಲಿ ಉಳಿಸಿಕೊಂಡರು. 1999ರಲ್ಲಿ ಅದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಔಷಧವಾಯಿತು.

ಇದೇ ಔಷಧದಿಂದ ಮೂತ್ರಪಿಂಡದ ಗೆಡ್ಡೆಗಳು ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದುದನ್ನು 2008ರ ಅಧ್ಯಯನ ತೋರಿಸಿತು. 2011ರಲ್ಲಿ ಪ್ರಕಟವಾದ, 89 ಮಹಿಳೆಯರ ಮೇಲಿನ ಪರೀಕ್ಷೆಯಲ್ಲಿ ಶ್ವಾಸಕೋಶದ ಕುಸಿತವೂ ನಿಂತಿತು. 2015ರಲ್ಲಿ ಅಮೆರಿಕ ಇದನ್ನು ಲ್ಯಾಮ್‌ಗೆ ಅಂಗೀಕರಿಸಿತು. ಆದರೆ ಎರಡೂ ಅಧ್ಯಯನಗಳು ಒಂದು ಕಹಿ ಸತ್ಯವನ್ನೂ ಹೇಳಿದವು. ಔಷಧ ನಿಲ್ಲಿಸಿದರೆ ಗೆಡ್ಡೆ ಮತ್ತೆ ಬೆಳೆಯುತ್ತದೆ, ಉಸಿರು ಮತ್ತೆ ಕುಗ್ಗುತ್ತದೆ. ಅದು ರೋಗದ ಕೋಶಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ.

ಒಂದೇ ಔಷಧ ಸಾಲದು ಎಂಬ ಪಾಠ ನಮಗೆ ಹೊಸದಲ್ಲ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಒಂದೇ ಸಾಕಾಗಲಿಲ್ಲ, ಇತರ ಔಷಧಗಳು ಜೊತೆಗೂಡಿದಾಗಲೇ ಗೆಲುವು ಸಿಕ್ಕಿತು. ಎಚ್‌ಐವಿಯಲ್ಲೂ 1996ರ ಸುಮಾರಿಗೆ ಇದೇ ಆಯಿತು. ಅಲ್ಲಿ ರೋಗಾಣು ಔಷಧಕ್ಕೆ ಒಗ್ಗಿಕೊಳ್ಳುವುದನ್ನು ತಡೆಯಬೇಕಿತ್ತು, ಇಲ್ಲಿ ಮಲಗಿದ ಕೋಶ ಬದುಕುಳಿಯುವ ದಾರಿಯನ್ನೇ ಮುಚ್ಚಬೇಕು. ಹಸಿದ ಕೋಶ ತನ್ನದೇ ಭಾಗಗಳನ್ನು ತಿಂದು ಜೀವ ಹಿಡಿದುಕೊಳ್ಳುತ್ತದೆ. ಮಲೇರಿಯಾದ ಹಳೆಯ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಇದಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಎರಡನ್ನೂ ಸೇರಿಸಿ ಕೆಲವೇ ಮಹಿಳೆಯರಲ್ಲಿ ಸುರಕ್ಷತೆಯ ಪರೀಕ್ಷೆ ನಡೆಸಲಾಯಿತು, ಫಲಿತಾಂಶ 2017ರಲ್ಲಿ ಹೊರಬಂತು. ಕೊಲೆಸ್ಟರಾಲಿನ ಮಾತ್ರೆ ಸಿಮ್ವಾಸ್ಟಾಟಿನ್ ಜೊತೆಗೂ ಪ್ರಯೋಗ ನಡೆದಿದೆ. ಇವು ಪರೀಕ್ಷೆಗಳೇ ಹೊರತು ಸಿದ್ಧ ಚಿಕಿತ್ಸೆಗಳಲ್ಲ, ಯಾರೂ ತಾವಾಗಿ ನುಂಗುವಂಥವಲ್ಲ.

ತೊಡಕು ವಿಜ್ಞಾನದ್ದು ಮಾತ್ರವಲ್ಲ. ಪೇಟೆಂಟು ಮುಗಿದ ಅಗ್ಗದ ಮಾತ್ರೆಯಲ್ಲಿ ಕಂಪೆನಿಗೆ ಲಾಭವಿಲ್ಲ. ಪರೀಕ್ಷೆಗೆ ಬೇಕಾದಷ್ಟು ರೋಗಿಗಳು ಒಂದು ದೇಶದಲ್ಲಿ ಸಿಗುವುದೂ ಕಷ್ಟ. 2011ರ ಆ ಪರೀಕ್ಷೆಗೇ ಅಮೆರಿಕ, ಕೆನಡಾ, ಜಪಾನ್ ಮೂರೂ ಕೈಜೋಡಿಸಬೇಕಾಯಿತು. ಅದರ ಬೆನ್ನಿಗಿದ್ದದ್ದು ಸರಕಾರದ ಹಣ ಮತ್ತು ರೋಗಿಗಳ ಸಂಘಟನೆ. ಮಗಳಿಗೆ ಈ ಕಾಯಿಲೆಯೆಂದು ತಿಳಿದ ತಾಯಿಯೊಬ್ಬರು 1995ರಲ್ಲಿ ಅಮೆರಿಕದ ಒಹಾಯೋದಲ್ಲಿ ಆರಂಭಿಸಿದ ಸಂಸ್ಥೆ ಅದು.

ನಮ್ಮ ದೇಶವೂ 2021ರಲ್ಲಿ ಅಪರೂಪದ ಕಾಯಿಲೆಗಳಿಗೊಂದು ರಾಷ್ಟ್ರೀಯ ನೀತಿ ರೂಪಿಸಿದೆ. ನೀತಿಯ ಜೊತೆ ಮನಸ್ಸೂ ಬೇಕು. ಕಾಯಿಲೆ ಅಪರೂಪವಿರಬಹುದು, ಉಸಿರಿಗಾಗಿ ಪರದಾಡುವ ಆ ಒಬ್ಬ ಹೆಣ್ಣುಮಗಳ ಸಂಕಟ ಅಪರೂಪದ್ದೆಂದು ನಾವು ಕಡೆಗಣಿಸಬಹುದೇ?